ಗೂಬೆಯ ಮುದ್ರೆಯ ನಾಣ್ಯ

ಗ್ರೀಸ್ ದೇಶವನ್ನು ಸುತ್ತಿ ಬಂದ ಮಿತ್ರರೊಬ್ಬರು, ಜೇಬಿನಲ್ಲಿ ಖರ್ಚಾಗದೆ ಉಳಿದಿದ್ದ ಚಿಲ್ಲರೆಯಲ್ಲಿ ಒಂದನ್ನು ನನ್ನ ಕೈಗಿತ್ತು, ಬರೆಯುವ ಮೇಜಿನ ಮೇಲಿಟ್ಟುಕೊಳ್ಳಿ ಎಂದರು. ಹಳದಿ ಲೋಹದ ಬಳೆಯೊಳಗೆ ಬಿಳಿ ಲೋಹದ ಬಿಲ್ಲೆಯನ್ನು ಕೂರಿಸಿದಂತಿರುವ ಆ ಒಂದು ಯೂರೋ ನಾಣ್ಯದ ಒಂದು ಮುಖದಲ್ಲಿ ಯೂರೋಪು ಖಂಡದ ಭೂಪಟ. ಮಗುಚಿದರೆ, ದುಂಡುಗಣ್ಣು ಬಿಟ್ಟುಕೊಂಡು ನೋಡುವವನನ್ನೇ ತಿರುಗಿ ನೋಡುತ್ತಿರುವ ಒಂದು ಗೂಬೆ. ಕಾಫಿ ತಂದಿಟ್ಟ ನಮ್ಮ ಮನೆಯ ಹಿರಿಯ ಹೆಂಗಸು ಅದನ್ನು ಕಂಡವರೇ, ಲಕ್ಷ್ಮಿಯಿರಬೇಕಾದ ಎಡೆಯಲ್ಲಿ ಗೂಬೆಯನ್ನು ಅಚ್ಚೊತ್ತುವ ಜನರೂ ಇದ್ದಾರೆಯೇ ಎಂದು ಮೂಗಿನ ಮೇಲೆ ಬೆರಳಿಟ್ಟರು.

ಆಕ್ಷೇಪಕ್ಕೆ ಉತ್ತರವಿಲ್ಲದಿಲ್ಲ. ಬಂಗಾಳದಲ್ಲಿ ಗೂಬೆಯೇ ಲಕ್ಷ್ಮಿಯ ವಾಹನವೆಂಬುದನ್ನು ಬದಿಗಿಟ್ಟರೂ, ಅಥೆನ್ಸಿನವರಿಗೆ ಅದು ಅವರ ನಗರದೇವತೆಯಾದ ಅಥೀನಾಳ ಪಕ್ಷಿ, ವಿವೇಕದ ಕುರುಹು; ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಲಾರಿಯಂ ಗಣಿಗಳ ಬೆಳ್ಳಿಯಿಂದ ಅವರು ಟಂಕಿಸುತ್ತಿದ್ದ ನಾಲ್ಕು ದ್ರಾಕ್ಮಾದ ನಾಣ್ಯವನ್ನೇ ಈ ಹೊಸ ಬಿಲ್ಲೆಯ ಮೇಲೆ ಚಿತ್ರಿಸಿದ್ದಾರೆ, ಅಂದರೆ ಇದು ನಾಣ್ಯದೊಳಗಣ ನಾಣ್ಯ. ಆ ದ್ರಾಕ್ಮಾ ನಮಗೂ ತೀರ ಹೊರಗಿನದಲ್ಲ. ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ದತ್ತಿಯ ಲೆಕ್ಕ ಹೇಳುವಾಗ ಬರುವ ‘ದ್ರಮ್ಮ’ವೆಂಬ ಮಾತು ಅದೇ ಯವನ ಶಬ್ದವು ಸಂಸ್ಕೃತದ ಉಡುಪು ತೊಟ್ಟು ಬಂದದ್ದು. ಆ ಅಥೆನ್ಸು ತನ್ನ ಪ್ರಾಬಲ್ಯದ ದಿನಗಳಲ್ಲಿ, ಮಿತ್ರನಗರಗಳೆಲ್ಲವೂ ತನ್ನ ನಾಣ್ಯ, ತನ್ನ ತೂಕ, ತನ್ನ ಅಳತೆಗಳನ್ನೇ ಬಳಸತಕ್ಕದ್ದೆಂದು ಕಟ್ಟಪ್ಪಣೆ ಹೊರಡಿಸಿತ್ತು; ಆ ಅಪ್ಪಣೆಯನ್ನು ಕೆತ್ತಿದ ಕಲ್ಲಿನ ತುಣುಕುಗಳು ಬೇರೆ ಬೇರೆ ಊರುಗಳಲ್ಲಿ ದೊರೆತಿವೆ. ಮುಂದೆ ಸ್ಪಾರ್ಟಾದೊಡನೆ ನಡೆದ ದೀರ್ಘಯುದ್ಧದ ಕೊನೆಯಲ್ಲಿ ಬೊಕ್ಕಸ ಬರಿದಾದಾಗ, ಅದೇ ಅಥೆನ್ಸು ತಾಮ್ರದ ಬಿಲ್ಲೆಗೆ ಬೆಳ್ಳಿಯ ತೆಳುಲೇಪ ಕೊಟ್ಟು, ಮೇಲೆ ಅದೇ ಗೂಬೆಯ ಮುದ್ರೆಯೊತ್ತಿ ಚಲಾವಣೆಗೆ ಬಿಟ್ಟಿತು. ಹಲವರು ಕೂಡಿ ಬಳಸುವ ನಾಣ್ಯವು ಸಂಕಟಕಾಲದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಎರಡು ಸಾವಿರದ ನಾನೂರು ವರ್ಷ ಪ್ರಾಯವಾಗಿದೆ.

ಕನ್ನಡದಲ್ಲಾದರೋ ಗೂಬೆಗೆ ಬೇರೊಂದು ಕೆಲಸವುಂಟು. ನಷ್ಟವಾದಾಗ ಅದರ ಹೊಣೆಯನ್ನು ಇನ್ನೊಬ್ಬನ ತಲೆಗೆ ಕಟ್ಟುವುದನ್ನು ನಾವು ಗೂಬೆ ಕೂರಿಸುವುದೆನ್ನುತ್ತೇವೆ. ಅರ್ಥಶಾಸ್ತ್ರಜ್ಞರು ದಪ್ಪ ದಪ್ಪ ಗ್ರಂಥಗಳಲ್ಲಿ ಚರ್ಚಿಸಿರುವ ಕೂಡುನಾಣ್ಯದ ವಿಷಯದ ತಿರುಳು ನಮ್ಮ ಈ ನಾಣ್ನುಡಿಯಲ್ಲೇ ಇದೆಯೆಂದು ನನಗೆ ತೋರಿದೆ. ಲಾಭದ ದಿನಗಳಲ್ಲಿ ಯಾವ ಕೂಡುನಾಣ್ಯವೂ ಒಡೆದುದಿಲ್ಲ. ಗೂಬೆಯು ಕೂರಲು ತಲೆಯನ್ನು ಹುಡುಕತೊಡಗಿದಾಗಲೇ ಅದರ ಆಯುಸ್ಸಿನ ಪರೀಕ್ಷೆ.

ಅಂಥ ಒಂದು ಪರೀಕ್ಷೆಯನ್ನು ಜಗತ್ತು 2015ರ ಬೇಸಗೆಯಲ್ಲಿ ಅಥೆನ್ಸಿನ ಬೀದಿಗಳಲ್ಲಿ ಕಣ್ಣಾರೆ ಕಂಡಿತು. ಜೂನ್ 28ರ ಭಾನುವಾರ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಅವರು ದೂರದರ್ಶನದಲ್ಲಿ ಕಾಣಿಸಿಕೊಂಡು, ನಾಳೆಯಿಂದ ಬ್ಯಾಂಕುಗಳು ಬಾಗಿಲು ತೆರೆಯವು ಎಂದರು. ಎಟಿಎಮ್ಮಿನಿಂದ ಒಬ್ಬರಿಗೆ ದಿನಕ್ಕೆ 60 ಯೂರೋ, ಅಷ್ಟೇ. ಹಣವನ್ನು ಹೊರದೇಶಕ್ಕೆ ಕಳುಹಿಸುವುದು ನಿಷಿದ್ಧ. ಇಪ್ಪತ್ತರ ನೋಟುಗಳು ಬೇಗನೆ ಮುಗಿದುಹೋದುದರಿಂದ, 60 ಎಂಬುದು ಬಹುಕಡೆ ಐವತ್ತರ ಒಂದೇ ನೋಟಾಗಿ ಪರಿಣಮಿಸಿತು. ಉಳಿದ ಹತ್ತು ಕಾಗದದ ಮೇಲಿನ ಹಕ್ಕಾಗಿಯೇ ಉಳಿಯಿತು. ಎಟಿಎಂ ಕಾರ್ಡು ಇಲ್ಲದ ಮುದುಕ ಮುದುಕಿಯರ ಪಿಂಚಣಿಗಾಗಿ ಸುಮಾರು ಒಂದು ಸಾವಿರ ಶಾಖೆಗಳನ್ನು ಕೆಲವು ದಿನ ಮಾತ್ರ ತೆರೆದು, 120 ಯೂರೋಗಳಂತೆ ಹಂಚಿದರು, ಅದೂ ಹೆಸರಿನ ಅಕ್ಷರಾನುಕ್ರಮದಲ್ಲಿ. ತಮ್ಮ ಅಕ್ಷರದ ಸರದಿ ಇಂದಲ್ಲವೆಂದು ಬಾಗಿಲಲ್ಲಿ ತಿಳಿದು, ಬಿಸಿಲಿನಲ್ಲಿ ಬಂದ ದಾರಿಗೆ ಸುಂಕವಿಲ್ಲವೆಂದು ಮರಳಬೇಕಾದ ವೃದ್ಧರ ಕೈಯಲ್ಲಿ ಪಾಸ್‌ಬುಕ್ಕು ಇತ್ತು, ಅದರಲ್ಲಿ ಲೆಕ್ಕ ಇತ್ತು, ಆ ಲೆಕ್ಕ ಯೂರೋದಲ್ಲೇ ಇತ್ತು. ಆದರೆ ಅದೇ ಹೊತ್ತಿನಲ್ಲಿ ಮ್ಯೂನಿಕ್ಕಿನವನ ಯೂರೋ ಯಥೇಚ್ಛವಾಗಿ ಓಡಾಡುತ್ತಿದ್ದು, ಅಥೆನ್ಸಿನವನ ಯೂರೋ ಕಾಲಿಗೆ ಹಗ್ಗ ಕಟ್ಟಿಸಿಕೊಂಡು ನಿಂತಿತ್ತಾಗಿ, ಒಂದೇ ಹೆಸರಿನ ಎರಡು ನಾಣ್ಯಗಳು ಆಗಲೇ ಹುಟ್ಟಿದ್ದುವು ಎಂದರೂ ತಪ್ಪಾಗದು. ಎರಡು ವರ್ಷ ಮುಂಚೆ, 2013ರ ಮಾರ್ಚಿನಲ್ಲಿ, ಸೈಪ್ರಸ್ ದ್ವೀಪದಲ್ಲಿಯೂ ಹೀಗೆಯೇ ಆಗಿತ್ತು. ಅಲ್ಲಿ ಒಂದು ಲಕ್ಷ ಯೂರೋ ಮೀರಿದ ಠೇವಣಿಗಳಿಂದಲೇ ಬ್ಯಾಂಕಿನ ನಷ್ಟವನ್ನು ಮುರಿದುಕೊಂಡರು.

ಗ್ರೀಸ್ ಸರ್ಕಾರ ತನಗೆ ಬೇಕಾದ ನೋಟನ್ನು ಏಕೆ ಅಚ್ಚುಹಾಕಿಕೊಳ್ಳಲಿಲ್ಲ? ಅದು ಅದರ ಅಧಿಕಾರದಲ್ಲಿರಲಿಲ್ಲ. 1999ರ ಜನವರಿ 1ರಂದು 11 ದೇಶಗಳೊಡನೆ ಹುಟ್ಟಿದ ಈ ನಾಣ್ಯದ ಕೀಲಿಕೈ ಫ್ರಾಂಕ್‌ಫರ್ಟ್ ನಗರದ ಐರೋಪ್ಯ ಕೇಂದ್ರೀಯ ಬ್ಯಾಂಕಿನ ಬಳಿಯಿದೆ. ಆ ಬ್ಯಾಂಕು ಗ್ರೀಕ್ ಬ್ಯಾಂಕುಗಳಿಗೆ ಕೊಡಲೊಪ್ಪಿದ್ದ ತುರ್ತು ದ್ರವ್ಯದ ಮಿತಿಯನ್ನು ಅದೇ ಜೂನ್ 28ರಂದು ಇನ್ನು ಏರಿಸುವುದಿಲ್ಲವೆಂದಿತು, ಬಾಗಿಲುಗಳು ಮುಚ್ಚಿದುವು. ಸ್ವಂತ ನಾಣ್ಯವುಳ್ಳ ದೇಶಕ್ಕೆ ಸಂಕಟ ಬಂದಾಗ ಅದು ನಾಣ್ಯದ ಬೆಲೆಯನ್ನು ಇಳಿಸಿಕೊಳ್ಳುತ್ತದೆ; ಹೊರಗಣ ಸರಕು ತುಟ್ಟಿಯಾಗುತ್ತದೆ, ತನ್ನ ಸರಕು ಹೊರಗಿನವರಿಗೆ ಅಗ್ಗವಾಗುತ್ತದೆ, ಎಲ್ಲರೂ ಒಂದಿಷ್ಟು ಬಡವರಾಗುತ್ತಾರೆ, ಆದರೆ ಯಾರ ಸಂಬಳದ ಕಾಗದದಲ್ಲಿಯೂ ಅಂಕಿ ಕಡಿಮೆಯಾಗುವುದಿಲ್ಲವಾದ್ದರಿಂದ ನೋವು ಹಂಚಿಹೋಗಿ ಸದ್ದಿಲ್ಲದೆ ಮುಗಿಯುತ್ತದೆ. ಗೂಬೆಯು ಒಬ್ಬನ ತಲೆಯ ಮೇಲೆ ಕೂರದೆ ಊರ ಮೇಲೆಲ್ಲ ಹಾರಿಹೋದಂತೆ. 1966ರ ಜೂನ್ 6ರಂದು ನಾವು ಮಾಡಿದ್ದೂ ಅದನ್ನೇ: ಡಾಲರೊಂದಕ್ಕೆ 4.76 ಇದ್ದ ರೂಪಾಯಿ ಆ ದಿನ 7.50 ಆಯಿತು.

ಆ ದಿನದ ಕಥೆಯಲ್ಲಿ ನಾವು ಮರೆತಿರುವ ಒಂದು ಭಾಗವಿದೆ. ನಮ್ಮ ರೂಪಾಯಿ ಆಗ ಅರಬ್ಬೀ ಕಡಲಿನ ಆಚೆಯ ದಡದಲ್ಲಿಯೂ ನಾಣ್ಯವಾಗಿತ್ತು. ಕುವೈತು, ಬಹರೈನು, ಕತಾರು, ದುಬೈ ಮೊದಲಾದ ಕಡೆಗಳಲ್ಲಿ ಜನ ಸಂತೆ ಸಾಮಾನು ಕೊಳ್ಳುತ್ತಿದ್ದುದು ಅದರಲ್ಲಿಯೇ. ಆ ದಾರಿಯಿಂದ ಚಿನ್ನದ ಕಳ್ಳಸಾಗಣೆ ಮಿತಿಮೀರಿದುದರಿಂದ ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಆ ದಡಕ್ಕೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚುಹಾಕಿಸಿ, ಅಲ್ಲಿಯ ರೂಪಾಯಿಯನ್ನೂ ಇಲ್ಲಿಯದನ್ನೂ ಬೇರ್ಪಡಿಸಿತ್ತು. ಕುವೈತು 1961ರಲ್ಲಿಯೂ ಬಹರೈನು 1965ರಲ್ಲಿಯೂ ಸ್ವಂತ ದಿನಾರಿಗೆ ಹೋದುವು. ಉಳಿದವರ ಪೆಟ್ಟಿಗೆಯಲ್ಲಿದ್ದ ಹಣದ ಮೂರನೆಯ ಒಂದು ಪಾಲಿಗೂ ಮಿಕ್ಕ ಬೆಲೆ, ದೆಹಲಿಯಲ್ಲಿ ಮಾಡಿದ ನಿರ್ಧಾರವೊಂದರಿಂದ, ಅವರನ್ನು ಒಂದು ಮಾತೂ ಕೇಳದೆ, 1966ರ ಆ ಸೋಮವಾರ ಕರಗಿಹೋಯಿತು. ಕತಾರು ದುಬೈಗಳು ತಡಮಾಡದೆ ಸೌದಿ ರಿಯಾಲನ್ನು ಕೈಬದಲು ಪಡೆದು, ಕೆಲವೇ ತಿಂಗಳಲ್ಲಿ ತಮ್ಮದೇ ರಿಯಾಲನ್ನು ತಂದುವು. ಓಮಾನು ಮಾತ್ರ 1970ರ ವರೆಗೆ ನಮ್ಮ ಹಳೆಯ ನೋಟನ್ನು ಕೈಬಿಡಲಿಲ್ಲ. ನಮ್ಮ ಪಾಲಿಗೆ ಅದು ಅನಿವಾರ್ಯವಾದ ಔಷಧ. ಅವರ ಪಾಲಿಗೆ, ಪಕ್ಕದ ಮನೆಯ ರೋಗಿಗಾಗಿ ತಾವು ಕುಡಿಯಬೇಕಾಗಿ ಬಂದ ಕಷಾಯ.

ಗ್ರೀಸಿನ ಕಥೆಗೆ ಮರಳೋಣ. 1992ರ ಫೆಬ್ರವರಿ 7ರಂದು ಮಾಸ್ಟ್ರಿಕ್ಟ್ ಎಂಬ ಡಚ್ ಪಟ್ಟಣದಲ್ಲಿ ಸಹಿಯಾದ ಒಪ್ಪಂದವು, ಒಂದೇ ನಾಣ್ಯಕ್ಕೆ ಬರಲಿಚ್ಛಿಸುವ ದೇಶದ ವಾರ್ಷಿಕ ಕೊರತೆಯು ಅದರ ಉತ್ಪನ್ನದ ಶೇಕಡಾ 3ನ್ನೂ, ಒಟ್ಟು ಸಾಲವು ಶೇಕಡಾ 60ನ್ನೂ ಮೀರತಕ್ಕದ್ದಲ್ಲವೆಂದು ವಿಧಿಸಿತ್ತು. ಮೊದಲ ಪಂಕ್ತಿಯಲ್ಲಿ ಎಲೆ ಸಿಕ್ಕದ ಗ್ರೀಸ್ ದೇಶವು ಎರಡು ವರ್ಷ ತಡವಾಗಿ, 2001ರ ಜನವರಿಯಲ್ಲಿ, 340.75 ದ್ರಾಕ್ಮಾಕ್ಕೆ ಒಂದು ಯೂರೋ ಎಂಬ ಲೆಕ್ಕದಲ್ಲಿ ಒಳಗೆ ಬಂದಿತು. ಅದು ಒಳಬರುವಾಗ ತೋರಿಸಿದ ಕೊರತೆಯ ಅಂಕಿಗಳು ನಿಜಕ್ಕಿಂತ ಕಡಿಮೆಯಾಗಿದ್ದುವೆಂಬುದು 2004ರಲ್ಲಿ ಹೊರಬಿದ್ದಾಗ, ಆಗಲೇ ಮದುವೆ ಮುಗಿದು ಚಪ್ಪರ ಬಿಚ್ಚಿ ಆಗಿತ್ತು. ಆದರೆ ಇದನ್ನು ಕೇವಲ ಗ್ರೀಕರ ವಂಚನೆಯೆಂದು ಮುಗಿಸಿಬಿಡುವವರು ಸಾಲವೆಂಬುದಕ್ಕೆ ಎರಡು ತುದಿಗಳುಂಟೆಂಬುದನ್ನು ಮರೆಯುತ್ತಾರೆ. ದ್ರಾಕ್ಮಾದ ಕಾಲದಲ್ಲಿ ಎರಡಂಕಿಯ ಬಡ್ಡಿ ತೆತ್ತರೂ ಸಾಲ ಹುಟ್ಟುವುದು ಕಷ್ಟವಾಗಿದ್ದ ಸರ್ಕಾರಕ್ಕೆ, ಯೂರೋ ಬಂದೊಡನೆ ಜರ್ಮನಿಗೆ ಸಿಗುವ ಬಡ್ಡಿಗೂ ಅದಕ್ಕೂ ಕೂದಲೆಳೆಯ ಅಂತರದಲ್ಲಿ ಸಾಲ ಸಿಗತೊಡಗಿತು. ಕೊಟ್ಟವರು ಫ್ರಾನ್ಸಿನ, ಜರ್ಮನಿಯ ಬ್ಯಾಂಕುಗಳು. ಹಳ್ಳಿಯ ಸಾಹುಕಾರನೂ ಸಾಲ ಕೊಡುವ ಮುಂಚೆ ಹೊಲದ ಬದುವಿನ ಮೇಲೊಮ್ಮೆ ನಡೆದು ಬರುತ್ತಾನೆ. ಇವರು ನಾಣ್ಯವೊಂದೇ ಆದಮೇಲೆ ನಾಣ್ಯಸ್ಥಿಕೆಯೂ ಒಂದೇ ಎಂದು ನಂಬಿ, ಆ ಬದುವಿನ ಕಡೆಗೆ ತಲೆ ಹಾಕಲಿಲ್ಲ. ಕನ್ನಡದಲ್ಲಿ ನಂಬಿಕಸ್ಥನನ್ನು ನಾಣ್ಯಸ್ಥನೆನ್ನುವುದುಂಟಷ್ಟೆ. ಒಂದೇ ಟಂಕಸಾಲೆಯ ನಾಣ್ಯವನ್ನು ಜೇಬಿನಲ್ಲಿಟ್ಟುಕೊಂಡ ಮಾತ್ರಕ್ಕೆ ಎಲ್ಲರೂ ನಾಣ್ಯಸ್ಥರಾಗುವುದಿಲ್ಲವೆಂಬುದನ್ನು ತಿಳಿಯಲು ಫ್ರಾಂಕ್‌ಫರ್ಟಿನ ಲೇವಾದೇವಿಗಾರರಿಗೆ ಹತ್ತು ವರ್ಷ ಹಿಡಿಯಿತು.

2009ರ ಅಕ್ಟೋಬರಿನಲ್ಲಿ ಗೆದ್ದುಬಂದ ಜಾರ್ಜ್ ಪಪಾಂಡ್ರೂ ಅವರ ಸರ್ಕಾರ ಹಳೆಯ ಕಡತಗಳನ್ನು ಬಿಚ್ಚಿ, ಆ ವರ್ಷದ ಕೊರತೆ ಶೇಕಡಾ 12ನ್ನು ಮೀರಲಿದೆಯೆಂದಿತು; ಕಡೆಗೆ ಅದು 15ನ್ನೂ ದಾಟಿತು. 2010ರ ಏಪ್ರಿಲ್ 23ರಂದು ಪಪಾಂಡ್ರೂ ಅವರು, ತುರ್ಕಿಯ ತೀರಕ್ಕೆ ಅಂಟಿಕೊಂಡಂತಿರುವ ಕಾಸ್ಟೆಲೊರಿಜೊ ಎಂಬ ಪುಟ್ಟ ದ್ವೀಪದ ಬಂದರಿನಲ್ಲಿ, ಹಿಂದೆ ನೀಲಿ ನೀರು, ಬಣ್ಣದ ಮನೆಗಳು, ಪ್ರವಾಸಿ ಇಲಾಖೆಯ ಚಿತ್ರದಂತಹ ಬೆಳಗಿನ ಬಿಸಿಲು ಇರುವಾಗ ನಿಂತು, ದೇಶ ಮುಳುಗುತ್ತಿದೆ, ಸಹಾಯ ಕೇಳುತ್ತಿದ್ದೇನೆ ಎಂಬರ್ಥದ ಮಾತನಾಡಿದರು. ಮೇ ತಿಂಗಳಲ್ಲಿ ಯೂರೋ ದೇಶಗಳು 80, ಅಂತರರಾಷ್ಟ್ರೀಯ ಹಣಕಾಸು ನಿಧಿ 30, ಒಟ್ಟು 110 ಶತಕೋಟಿ ಯೂರೋ ಸಾಲಕ್ಕೆ ಒಪ್ಪಿದುವು. ಆ ಹಣದ ಬಹುಭಾಗ ಗ್ರೀಕ್ ಜನರ ಅಡಿಗೆಮನೆಗೆ ಹೋಗದೆ, ಹಳೆಯ ಸಾಲದ ಕಂತುಗಳ ರೂಪದಲ್ಲಿ, ಬಂದ ದಾರಿಯಲ್ಲೇ ಸಾಲಿಗರ ಮನೆಗೆ ಹಿಂದಿರುಗಿತು; ಖಾಸಗಿ ಬ್ಯಾಂಕುಗಳ ತಲೆಯ ಮೇಲೆ ಕೂರಬೇಕಾಗಿದ್ದ ಗೂಬೆಯನ್ನು ಯೂರೋಪಿನ ತೆರಿಗೆದಾರರ ಮೇಲೂ, ಅದಕ್ಕೆ ಬೆಲೆಯಾಗಿ ಗ್ರೀಕ್ ಪಿಂಚಣಿದಾರರ ಮೇಲೂ ಕೂರಿಸಲಾಯಿತು. ಖಾಸಗಿ ಸಾಲಿಗರು ತಮ್ಮ ಋಣಪತ್ರಗಳ ಮುಖಬೆಲೆಯಲ್ಲಿ ಅರ್ಧಕ್ಕೂ ಮಿಕ್ಕ ಪಾಲನ್ನು ಬಿಟ್ಟುಕೊಡುವಂತಾದದ್ದು 2012ರಲ್ಲಿ, ಎರಡನೆಯ ಸಾಲದೊಂದಿಗೆ. ನಾಣ್ಯದ ಬೆಲೆಯನ್ನು ಇಳಿಸಲಾಗದವರು ಮನುಷ್ಯರ ಬೆಲೆಯನ್ನು ಇಳಿಸಬೇಕಾಗುತ್ತದೆ: ಸಂಬಳ, ಪಿಂಚಣಿ, ಆಸ್ಪತ್ರೆಯ ಖರ್ಚು ಎಲ್ಲವನ್ನೂ ಅಂಕಿಯಲ್ಲೇ ಕತ್ತರಿಸಿದರು. ದೇಶದ ಉತ್ಪನ್ನದಲ್ಲಿ ನಾಲ್ಕನೆಯ ಒಂದು ಭಾಗ ಇಲ್ಲವಾಯಿತು. 2013ರಲ್ಲಿ ದುಡಿಯಬಲ್ಲವರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಮಂದಿ ನಿರುದ್ಯೋಗಿಗಳು. ನಾಲ್ಕು ಲಕ್ಷಕ್ಕೂ ಮಿಕ್ಕಿ ಜನ, ವೈದ್ಯರು ಎಂಜಿನಿಯರುಗಳು ಸಹಿತ, ಊರು ಬಿಟ್ಟರು. ವಿಚಿತ್ರವೆಂದರೆ, 2009ರಲ್ಲಿ ಉತ್ಪನ್ನದ ಶೇಕಡಾ 127ರಷ್ಟಿದ್ದ ಸಾಲ ಇಷ್ಟೆಲ್ಲ ಉಪವಾಸದ ಬಳಿಕ 180ನ್ನು ದಾಟಿತ್ತು. ಭಾಗಿಸುವ ಸಂಖ್ಯೆಯೇ ಕುಗ್ಗಿದರೆ ಭಾಗಲಬ್ಧ ಹಿಗ್ಗದೆ ಏನು ಮಾಡೀತು?

ಇಷ್ಟಾದರೂ ಆ ದೇಶ ಯೂರೋವನ್ನು ಬಿಡಲಿಲ್ಲ. ಏಕೆಂಬುದನ್ನು ತಿಳಿಯಬೇಕಾದರೆ, ಕೂಡುನಾಣ್ಯಗಳು ಹೇಗೆ ಸಾಯುತ್ತವೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1865ರಲ್ಲಿ ಫ್ರಾನ್ಸು, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡುಗಳು ಕಟ್ಟಿದ, ಗ್ರೀಸೂ ಅನಂತರ ಸೇರಿದ ಲ್ಯಾಟಿನ್ ಒಕ್ಕೂಟ, ಉತ್ತರದಲ್ಲಿ ಸ್ಕ್ಯಾಂಡಿನೇವಿಯದವರ ಕ್ರೋನದ ಒಕ್ಕೂಟ, ಇವೆರಡೂ ಮೊದಲ ಮಹಾಯುದ್ಧದ ಪೆಟ್ಟಿಗೆ ಸತ್ತು, ಅಪರಕರ್ಮ ಮಾತ್ರ 1920ರ ದಶಕದಲ್ಲಿ ನಡೆದಂಥವು; ಅವು ನಮ್ಮನ್ನು ಹೆಚ್ಚು ಕಾಲ ನಿಲ್ಲಿಸಿಕೊಳ್ಳುವಂಥವಲ್ಲ. ಚೆಕ್ಕರ ಪ್ರಾಹಾ ನಗರದ ಕಥೆ ಹಾಗಲ್ಲ.

ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಕ್ರೋನೆ ನೋಟಿನ ಒಂದು ಮಗ್ಗುಲು ಜರ್ಮನ್, ಇನ್ನೊಂದು ಮಗ್ಗುಲು ಹಂಗೇರಿಯನ್. ಜರ್ಮನ್ ಮಗ್ಗುಲಿನ ಮೇಲೆ ಅದರ ಮೌಲ್ಯವನ್ನು ಚೆಕ್, ಪೋಲಿಷ್, ಇಟಾಲಿಯನ್ ಮೊದಲಾದ ಇನ್ನೂ ಎಂಟು ಭಾಷೆಗಳಲ್ಲಿ ಸಣ್ಣ ಅಕ್ಷರಗಳಿಂದ ಬರೆದಿರುತ್ತಿದ್ದರು. 1918ರ ಕೊನೆಯಲ್ಲಿ ಸಾಮ್ರಾಜ್ಯವೇ ಒಡೆಯಿತು, ಆದರೆ ನೋಟು ಒಡೆಯಲಿಲ್ಲ. ಹೊಸದಾಗಿ ಹುಟ್ಟಿದ ದೇಶಗಳೆಲ್ಲ ಅದನ್ನೇ ಚಲಾಯಿಸುತ್ತಿದ್ದುವು, ವಿಯೆನ್ನಾದ ಹಳೆಯ ಬ್ಯಾಂಕು ಅಲ್ಲಿಯ ಸರ್ಕಾರದ ಕೊರತೆಗಾಗಿ ಅದನ್ನು ಅಚ್ಚುಹಾಕುತ್ತಲೇ ಇತ್ತು. ವಿಯೆನ್ನಾದ ಕೊರತೆಗೆ ಪ್ರಾಹಾದ ಸಂಸಾರಗಳು ಬೆಲೆಯೇರಿಕೆಯ ರೂಪದಲ್ಲಿ ಕಂದಾಯ ತೆರುತ್ತಿದ್ದುದನ್ನು ಸಹಿಸದ ಚೆಕೊಸ್ಲೊವಾಕಿಯದ ಹಣಕಾಸು ಮಂತ್ರಿ ಅಲೋಯಿಸ್ ರಾಶೀನ್, 1919ರ ಫೆಬ್ರವರಿ 25ರಂದು ಶಾಸನಸಭೆಯನ್ನು ರಹಸ್ಯವಾಗಿ ಸೇರಿಸಿ ಕಾನೂನು ಮಾಡಿಸಿದರು. ಸುದ್ದಿ ಹೊರಬೀಳುವುದರೊಳಗಾಗಿ ಗಡಿಗಳನ್ನು ಮುಚ್ಚಲಾಯಿತು. ಮಾರ್ಚ್ 3ರಿಂದ 9ರ ವರೆಗೆ ಜನ ತಮ್ಮಲ್ಲಿದ್ದ ನೋಟುಗಳನ್ನು ತಂದು ಒಪ್ಪಿಸಿ, ಮೂಲೆಯಲ್ಲಿ ಅಂಚೆಚೀಟಿಯಂಥ ಒಂದು ಚೀಟಿ ಅಂಟಿಸಿಕೊಂಡು ಹೋಗಬೇಕು. ಅರ್ಧವನ್ನು ಸರ್ಕಾರ ಕಡ್ಡಾಯ ಸಾಲವಾಗಿ ಹಿಡಿದುಕೊಳ್ಳುತ್ತದೆ. ಚೀಟಿಯಿದ್ದರೆ ಅದು ಚೆಕ್ ಹಣ. ಇಲ್ಲದಿದ್ದರೆ ಹಳೆಯ ಚಕ್ರವರ್ತಿಯ ಕಾಗದ. ಬೆರಳಗಲದ ಆ ಚೀಟಿಯಿಂದ ಒಂದು ನಾಣ್ಯ ಹುಟ್ಟಿತು. ಆದರೆ ಒಬ್ಬನು ಬಾಗಿಲು ಹಾಕಿಕೊಂಡ ಮೇಲೆ ಚೀಟಿಯಿಲ್ಲದ ನೋಟುಗಳೆಲ್ಲ ಇನ್ನೂ ಬಾಗಿಲು ತೆರೆದಿದ್ದ ನೆರೆಮನೆಗಳಿಗೆ ಗಂಟುಮೂಟೆಯಾಗಿ ನುಗ್ಗಿದುವು. ಆಸ್ಟ್ರಿಯಾ ತಾನೂ ಮುದ್ರೆ ಹಾಕಿಸಿತು, ಹಂಗೇರಿಯೂ ಪೋಲೆಂಡೂ ಇನ್ನೂ ತಡವಾಗಿ ಎಚ್ಚೆತ್ತುವು. ಮೊದಲು ಹೊರಟವನಿಗೆ ಚಿಕ್ಕ ಗೂಬೆ, ಕೊನೆಯವನಿಗೆ ದೊಡ್ಡದು. 1922ರ ಹೊತ್ತಿಗೆ ವಿಯೆನ್ನಾದಲ್ಲಿ ಹಣ ರದ್ದಿಯ ಸ್ಥಿತಿಗೆ ಬಂದು, ರಾಷ್ಟ್ರಸಂಘದ ಆಶ್ರಯದಲ್ಲಿ ಸಾಲವೆತ್ತಬೇಕಾಯಿತು. ಅತ್ತ, ತಮ್ಮ ನಾಣ್ಯವನ್ನು ಬಿಗಿಹಿಡಿದು ಗಟ್ಟಿಮಾಡಿದ ರಾಶೀನ್ ಅವರನ್ನು 1923ರ ಜನವರಿಯಲ್ಲಿ ಯುವಕನೊಬ್ಬ ಗುಂಡಿಟ್ಟು ಗಾಯಗೊಳಿಸಿದ. ಮುಂದಿನ ತಿಂಗಳು ಅವರು ತೀರಿಕೊಂಡರು.

ಎಪ್ಪತ್ತನಾಲ್ಕು ವರ್ಷಗಳ ತರುವಾಯ ಅದೇ ದೇಶ ಮತ್ತೊಮ್ಮೆ ಚೀಟಿ ಅಂಟಿಸಿತು. 1993ರ ಜನವರಿ 1ರಂದು ಚೆಕ್ಕರೂ ಸ್ಲೊವಾಕರೂ ಮನಸ್ತಾಪವಿಲ್ಲದೆ ಬೇರೆಯಾಗಿ, ನಾಣ್ಯವೊಂದನ್ನು ಮಾತ್ರ ಕೂಡಿಯೇ ಇಟ್ಟುಕೊಳ್ಳುವೆವೆಂದರು. ಆರು ವಾರವೂ ತುಂಬುವ ಮುಂಚೆ, ಫೆಬ್ರವರಿ 8ಕ್ಕೆ, ಅದೂ ಇಬ್ಭಾಗವಾಯಿತು. ಅದೇ ವರ್ಷದ ಜುಲೈಯಲ್ಲಿ ರಷ್ಯದ ಕೇಂದ್ರೀಯ ಬ್ಯಾಂಕು ಹಳೆಯ ಸೋವಿಯತ್ ರೂಬಲುಗಳನ್ನು ಇದ್ದಕ್ಕಿದ್ದಂತೆ ಅಮಾನ್ಯಗೊಳಿಸಿ, ಅವನ್ನೇ ನೆಚ್ಚಿಕೊಂಡಿದ್ದ ನೆರೆಯ ಗಣರಾಜ್ಯಗಳನ್ನು ಕೈಬಿಟ್ಟಿತು. ನೋಟು ಅಚ್ಚುಹಾಕುವವರು ಮಾಸ್ಕೋದವರೊಬ್ಬರೇ ಆಗಿದ್ದರೂ ಸಾಲ ಹುಟ್ಟಿಸುವ ಹಕ್ಕು ಪ್ರತಿಯೊಂದು ರಾಜಧಾನಿಗೂ ಇದ್ದ ಆ ಏರ್ಪಾಡು, ಒಂದೇ ಹಂಡೆಗೆ ಹಲವರು ಸೌಟು ಹಾಕಿದಂತಿತ್ತು. ಹೆಚ್ಚು ಬೇಗ ಮೊಗೆದವನೇ ಜಾಣ.

ಈ ಸಾವುಗಳಲ್ಲೆಲ್ಲ ಒಂದು ಅನುಕೂಲವಿತ್ತು, ಹಣವೆಂದರೆ ಬಹುಮಟ್ಟಿಗೆ ಕೈಯಲ್ಲಿ ಹಿಡಿಯುವ ಕಾಗದವಾಗಿತ್ತು, ಗಡಿಗೆ ಬಾಗಿಲಿತ್ತು. 2015ರ ಗ್ರೀಕನ ಹಣ ಬ್ಯಾಂಕಿನ ಗಣಕದಲ್ಲಿತ್ತು. ನಾಳೆ ದ್ರಾಕ್ಮಾ ಬರಲಿದೆಯೆಂಬ ಪಿಸುಮಾತು ಹಬ್ಬಿದರೆ ಸಾಕು, ಇಂದು ರಾತ್ರಿಯೇ ಅದು ಗುಂಡಿಯೊತ್ತಿದ ಮಾತ್ರಕ್ಕೆ ಲಕ್ಸೆಂಬರ್ಗಿಗೆ ಹಾರಬಲ್ಲುದು. ದೇಶದ ಸಾಲವೆಲ್ಲ ಯೂರೋದಲ್ಲಿ. ಆದಾಯ ಮಾತ್ರ ದ್ರಾಕ್ಮಾಕ್ಕೆ ಇಳಿದರೆ ಆ ಸಾಲ ಇನ್ನಷ್ಟು ಭಾರ. ಒಪ್ಪಂದದ ಪುಸ್ತಕದಲ್ಲಿ ಯೂರೋದಿಂದ ಹೊರಗೆ ಹೋಗುವ ವಿಧಿಯೇ ಇಲ್ಲ. ಕಟ್ಟಿದವರು ಬೇಕೆಂದೇ ಬಾಗಿಲಿಗೆ ಒಳಗಿನಿಂದ ತೆರೆಯುವ ಅಗುಳಿಯನ್ನು ಇಡಲಿಲ್ಲ. ಜುಲೈ 5ರಂದು ಸಿಪ್ರಾಸ್ ಅವರು ಸಾಲಿಗರ ಷರತ್ತುಗಳನ್ನು ಒಪ್ಪಬೇಕೆ ಎಂದು ಜನರನ್ನೇ ಕೇಳಿದಾಗ, ನೂರಕ್ಕೆ 61ಕ್ಕಿಂತ ಹೆಚ್ಚು ಮಂದಿ ಬೇಡವೆಂದರು; ಆ ಜನರಲ್ಲೇ ಬಹುಮಂದಿ ಯೂರೋವನ್ನು ಬಿಡಬಾರದೆಂದೂ ಅಭಿಪ್ರಾಯ ಸಂಗ್ರಹದವರಿಗೆ ಹೇಳುತ್ತಿದ್ದರು. ಇದನ್ನು ಅವಿವೇಕವೆಂದು ನಕ್ಕವರು ಬಹಳ. ನನಗೇನೋ ಅದು ಗೂಬೆಯನ್ನು ಕೂರಿಸಿಕೊಳ್ಳಲು ಒಲ್ಲದ, ಮನೆಯನ್ನೂ ಬಿಡಲೊಲ್ಲದ ಮನುಷ್ಯನ ಸಹಜವಾದ ಉತ್ತರವಾಗಿ ಕಾಣುತ್ತದೆ. ಆ ವಾರವೇ ಜರ್ಮನಿಯ ಹಣಕಾಸು ಮಂತ್ರಿ ವೋಲ್ಫ್‌ಗಾಂಗ್ ಶಾಯ್ಬ್ಲೆ ಅವರ ಕಡೆಯಿಂದ, ಗ್ರೀಸ್ ಐದು ವರ್ಷ ಯೂರೋದಿಂದ ಹೊರಗಿದ್ದು ಬರಲಿ ಎಂಬ ಸೂಚನೆಯೂ ಬಂತು. ತವರಿನಲ್ಲಿ ಸ್ವಲ್ಪ ದಿನ ಇದ್ದು ಬಾ ಎಂದು ಸೊಸೆಗೆ ಹೇಳುವ ಧಾಟಿ. ಜುಲೈ 12ರ ಮಧ್ಯಾಹ್ನ ಬ್ರಸೆಲ್ಸಿನಲ್ಲಿ ಕುಳಿತ ನಾಯಕರು ಎದ್ದದ್ದು 13ರ ಬೆಳಿಗ್ಗೆ, ಹದಿನೇಳು ಗಂಟೆಗಳ ತರುವಾಯ. ಜನ ತಿರಸ್ಕರಿಸಿದ್ದಕ್ಕಿಂತ ಕಠಿನವಾದ ಷರತ್ತುಗಳಿ­ಗೆ ಸಿಪ್ರಾಸ್ ತಲೆಬಾಗಿದ್ದರು. 86 ಶತಕೋಟಿಯ ವರೆಗಿನ ಮೂರನೆಯ ಸಾಲ ಗೊತ್ತಾಗಿತ್ತು. ಬ್ಯಾಂಕುಗಳು ಜುಲೈ 20ಕ್ಕೆ ತೆರೆದುವು. ಹಣದ ಓಡಾಟದ ಮೇಲಣ ಕೊನೆಯ ನಿರ್ಬಂಧ ತೆರವಾದದ್ದು 2019ರ ಸೆಪ್ಟೆಂಬರಿನಲ್ಲಿ.

ಉಳಿದ ದೇಶಗಳನ್ನು ಉಳಿಸಿದ್ದು ಬೇರೊಂದು ಬಗೆಯ ಔಷಧ. 2012ರ ಜುಲೈ 26ರಂದು ಲಂಡನ್ನಿನ ಸಭೆಯೊಂದರಲ್ಲಿ, ಐರೋಪ್ಯ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷ ಮಾರಿಯೋ ದ್ರಾಗಿ ಅವರು, ತಮ್ಮ ಅಧಿಕಾರದ ಮಿತಿಯೊಳಗೆ ಯೂರೋವನ್ನು ಕಾಪಾಡಲು ಏನು ಬೇಕಾದರೂ ಮಾಡುವೆವೆಂದರು. ಶೇಕಡಾ 7ನ್ನು ಮುಟ್ಟಿದ್ದ ಸ್ಪೇನಿನ ಬಡ್ಡಿ ಆ ಮಾತಿಗೇ ಇಳಿಯತೊಡಗಿತು. ಅದಕ್ಕಾಗಿ ಸಿದ್ಧಪಡಿಸಿದ ಯೋಜನೆಯಡಿ ಬ್ಯಾಂಕು ಒಂದೇ ಒಂದು ಋಣಪತ್ರವನ್ನೂ ಕೊಳ್ಳಬೇಕಾಗಲಿಲ್ಲ. ಹಿಂದೆ ನಿಂತಿರುವವನ ಜೇಬು ಅಕ್ಷಯವೆಂಬ ನಂಬಿಕೆ ಬಂದರೆ ಯಾರೂ ಆ ಜೇಬಿಗೆ ಕೈಹಾಕಲು ಹೋಗುವುದಿಲ್ಲ. ಆದರೆ ಇಂಥ ಮಾತನ್ನು ಆಡುವ ಅಧಿಕಾರ ಒಬ್ಬ ಚುನಾಯಿತನಲ್ಲದ ಅಧಿಕಾರಿಗೆ ಒದಗಿಬಂತೆಂಬುದರಲ್ಲಿಯೇ ಆ ಕಟ್ಟಡದ ಕುಂದೂ ಕಾಣುತ್ತದೆ: ತಿಜೋರಿಗೆ ಒಂದೇ ಬೀಗ, ಅಡಿಗೆಮನೆಗಳು ಮಾತ್ರ ಹಲವು.

ಕೆನಡಾ ಮೂಲದ ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ 1961ರಲ್ಲಿ, ಎಷ್ಟು ದೊಡ್ಡ ಪ್ರದೇಶಕ್ಕೆ ಒಂದು ನಾಣ್ಯ ಹೊಂದುತ್ತದೆ ಎಂದು ಕೇಳಿ, ಕೆಲಸವಿಲ್ಲದ ಕಡೆಯಿಂದ ಇರುವ ಕಡೆಗೆ ಜನ ಹೋಗಬಲ್ಲ ಪ್ರದೇಶಕ್ಕೆ ಎಂಬರ್ಥದ ಉತ್ತರ ಕೊಟ್ಟರು. ಇತರರು ಅದಕ್ಕೆ, ಗೆದ್ದ ಪ್ರಾಂತದ ತೆರಿಗೆ ಸೋತ ಪ್ರಾಂತಕ್ಕೆ ತಾನಾಗಿ ಹರಿಯುವಂತಿರಬೇಕು ಎಂಬುದನ್ನು ಸೇರಿಸಿದರು. ಇದನ್ನು ಓದಿದ ಕನ್ನಡಿಗನಿಗೆ ತನ್ನ ಮನೆಯ ನೆನಪಾಗದಿರದು. ಕಲಬುರಗಿ, ಬೀದರ, ರಾಯಚೂರುಗಳ ಹಳಬರ ಬಾಯಲ್ಲಿ ನಿಜಾಮನ ಹಾಲಿ ಸಿಕ್ಕಾ, ಬ್ರಿಟಿಷರ ಕಲದಾರ್ ಎಂಬ ಎರಡು ರೂಪಾಯಿಗಳ ಮಾತು ಉಳಿದಿತ್ತು. ಏಳು ಹಾಲಿ ಕೊಟ್ಟರೆ ಆರು ಕಲದಾರ್, ಸಂತೆಯಲ್ಲಿ ಮೊದಲು ಕೇಳುವ ಪ್ರಶ್ನೆಯೇ ಬೆಲೆ ಯಾವುದರಲ್ಲಿ ಎಂಬುದು. ಹೈದರಾಬಾದು ಭಾರತಕ್ಕೆ ಸೇರಿದ ಮೇಲೂ ಹಾಲಿ ಸಿಕ್ಕಾ 1959ರ ವರೆಗೆ ಉಸಿರಾಡಿತು. ಅದು ಹೋದುದಕ್ಕೆ ಇಂದು ಯಾರೂ ಅಳುತ್ತಿಲ್ಲವೆಂದರೆ, ನಾಣ್ಯದೊಡನೆ ನಷ್ಟವನ್ನು ಹಂಚಿಕೊಳ್ಳುವ ಏರ್ಪಾಡೂ ಬಂದಿತೆಂಬುದೇ ಕಾರಣ. ನಮ್ಮ ನೋಟಿನ ಭಾಷಾಫಲಕದ 15 ಭಾಷೆಗಳಲ್ಲಿ ನಾಲ್ಕನೆಯದಾಗಿ ಕನ್ನಡ ಕುಳಿತಿದೆ; ಆ ಫಲಕವನ್ನು ಹಿಡಿದು ನಿಲ್ಲಿಸಿರುವುದು ಸಂವಿಧಾನದ 280ನೆಯ ವಿಧಿ, ಅಂದರೆ ಹಣಕಾಸು ಆಯೋಗ. ಕೇಂದ್ರದ ಹಂಚಬಹುದಾದ ತೆರಿಗೆಯಲ್ಲಿ ನೂರಕ್ಕೆ 41 ಪಾಲು ರಾಜ್ಯಗಳಿಗೆ ಹೋಗುತ್ತದೆ. ಯೂರೋಪಿನ ಒಕ್ಕೂಟದ ಇಡೀ ಆಯವ್ಯಯವೇ ಅಲ್ಲಿನ ವರಮಾನದ ಶೇಕಡಾ 1ರ ಆಸುಪಾಸಿನದು. ಹದಿನಾಲ್ಕನೆಯ ಆಯೋಗ ಆ ಪಾಲಿನೊಳಗೆ ಕರ್ನಾಟಕಕ್ಕೆ ಕೊಟ್ಟಿದ್ದ ಶೇಕಡಾ 4.713ರ ಭಾಗವನ್ನು ಹದಿನೈದನೆಯದು 3.647ಕ್ಕೆ ಇಳಿಸಿದಾಗ ಬೆಂಗಳೂರಿನಲ್ಲಿ ಎದ್ದ ಗೊಣಗು ಸಣ್ಣದೇನಲ್ಲ, ಅದರಲ್ಲಿ ನ್ಯಾಯವೂ ಇಲ್ಲದಿಲ್ಲ. ದುಡಿದವರ ಹಣ ಇನ್ನೊಬ್ಬರ ಮನೆಗೆ ಹೋಗುತ್ತಿದೆಯೆಂಬ ಆ ಮಾತನ್ನು ಜರ್ಮನ್ ಭಾಷೆಗೆ ತಿರುಗಿಸಿದರೆ ಒಂದಕ್ಷರ ಬದಲಾಯಿಸಬೇಕಾಗದು. ಅಷ್ಟಾಗಿಯೂ, ಬಿಹಾರದಿಂದ ಬಂದವನು ಇಲ್ಲಿ ಗಾರೆ ಕಲಸುತ್ತಾನೆ, ಜಗಳ ಆಯೋಗದ ಮುಂದೆ ನಡೆಯುತ್ತದೆ, ಪಾಟ್ನಾದ ಬ್ಯಾಂಕಿನ ಬಾಗಿಲು ಆ ಕಾರಣಕ್ಕೆ ಮುಚ್ಚುವುದಿಲ್ಲ.

ಯೂರೋಪಿನವರೂ ಆ ದಿಕ್ಕಿಗೆ ಒಂದೆರಡು ಹೆಜ್ಜೆ ಇಟ್ಟಿದ್ದಾರೆ, ಅದೂ ಮಹಾಮಾರಿ ಬಂದು ಯಾರ ತಲೆಯ ಮೇಲೂ ಗೂಬೆ ಕೂರಿಸಲಾಗದ ಒಂದು ನಷ್ಟ ಎಲ್ಲರಿಗೂ ಒಟ್ಟಿಗೆ ಒದಗಿದಾಗ. 2020ರ ಜುಲೈಯಲ್ಲಿ, ನಾಲ್ಕು ರಾತ್ರಿ ಜಗಳವಾಡಿ, ಒಕ್ಕೂಟದ ಹೆಸರಿನಲ್ಲೇ 750 ಶತಕೋಟಿ ಯೂರೋ ಸಾಲವೆತ್ತಿ ಅದರಲ್ಲಿ 390ನ್ನು ಹಿಂದಿರುಗಿಸಬೇಕಿಲ್ಲದ ಅನುದಾನವಾಗಿ ಹಂಚಲು ಒಪ್ಪಿದರು. ಅದನ್ನು ಒಮ್ಮೆಗೆ ಮಾತ್ರ ಎಂದು ಬರೆದುಕೊಂಡಿದ್ದಾರೆ. ಮುಂದಿನ ಸಂಕಟ ಒಂದೇ ದೇಶದ್ದಾದರೆ ಇದೇ ಕೈ ಮತ್ತೆ ಸಡಿಲವಾದೀತೆಂದು ನನಗೆ ನಂಬಿಕೆಯಿಲ್ಲ. ಅಲ್ಲಿಯ ನಾಣ್ಯ ಸಂಕಟವನ್ನು ದಾಟಿ ಬದುಕಿದೆ, ಅದು ನಿಜ. ಅದನ್ನು ಬದುಕಿಸಿದ್ದರಲ್ಲಿ ದ್ರಾಗಿಯವರ ಮಾತಿನ ಪಾಲೆಷ್ಟೋ, ಅಕ್ಷರಾನುಕ್ರಮದಲ್ಲಿ ನಿಂತು 120 ಯೂರೋ ಎಣಿಸಿಕೊಂಡು ಹೋದ ಮುದುಕರ ಪಾಲೂ ಅಷ್ಟೇ ಇದೆ.

ಇಷ್ಟೆಲ್ಲ ಕಂಡೂ ಹೊಸಬರು ಒಳಗೆ ಬರುತ್ತಲೇ ಇದ್ದಾರೆ. 2023ರಲ್ಲಿ ಕ್ರೊಯೇಷಿಯ ಬಂತು. 2026ರ ಜನವರಿ 1ರಂದು, ಗ್ರೀಸಿನ ಬಡಗಣ ನೆರೆಯ ಬಲ್ಗೇರಿಯ ತನ್ನ ಲೆವ್ ನಾಣ್ಯವನ್ನು ಬಿಟ್ಟು ಇಪ್ಪತ್ತೊಂದನೆಯ ಸದಸ್ಯನಾಗಿ ಸೇರಿತು. ಅವರ ಒಂದು ಯೂರೋ ನಾಣ್ಯದ ಮೇಲೆ ಗೂಬೆಯಿಲ್ಲ, ರೀಲಾ ಮಠದ ಸಂತ ಇವಾನ್ ಇದ್ದಾನೆ. ಎರಡು ಯೂರೋ ನಾಣ್ಯವನ್ನು ಮಾತ್ರ ಕಣ್ಣಿನ ಹತ್ತಿರ ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸಬೇಕು. ಅಲ್ಲಿ, ಬೆರಳಿಗೆ ತಗಲುವಷ್ಟು ಆಳವಾಗಿ, ಅವರ ಲಿಪಿಯಲ್ಲಿ ಒಂದು ಸಾಲು ಕೊರೆದಿದ್ದಾರೆ: ದೇವರೇ, ಬಲ್ಗೇರಿಯವನ್ನು ಕಾಪಾಡು.